ಬೆಚ್ಚಗಿದ್ದ ಚೋಕಿನ ಗುಂಡಿ

ಮೋಟಾರ ಚಾಲೂ ಆತು. ಮತ್ತ ಆತು! ತೆಗೆದ ಬಾನೆಟ್ಟಿನ ಅಂಚಿಗೆ ಕೈ ಊರಿ ನಿಂತಿದ್ದ ಅಬ್ದುಲಸಮದ ಕಣ್ಣ ಮುಚ್ಚಿಬಿಟ್ಟ. ಹಾಲು ಕುಡದ ಬೆಕ್ಕು ಬಿಸಲಾಗ ಮಲಗಿ ಗುರುಗುಟ್ಟತದಲ್ಲ, ಹಂಗ ಗುರುಗುಡಾಕತ್ತಿತ್ತು ಇಂಜಿನ್ನು. ಮುಂಜಾನಿಂದ ಇದು ಒಂಬತ್ತನೇ ಸಲ. ಬಂದ್ ಮಾಡೋದು, ಒಂದು ಬೀಡಿ ಸೇದೂವಷ್ಟು ಹೊತ್ತು ತಡಿಯೋದು, ಸ್ಟಾರ್ಟರಿನ ಗುಂಡಿ ಎಳಿಯೋದು, ಚಾಲೂ. ಬಂದ್, ಬೀಡಿ, ಗುಂಡಿ, ಚಾಲೂ. ಬಿಜಾಪುರದ ಜೋರಾಪುರ ಪ್ಯಾಟ್ಯಾಗ ಇಪ್ಪತ್ತು ವರ್ಷದಿಂದ ಮೋಟಾರ ರಿಪೇರಿ ಮಾಡಿದಾಂವ ಅಂವ, ಒಂದು ಮೋಟಾರ ಚಾಲೂ ಆತಂತ ಇಷ್ಟು ಬ್ಯಾಸರ ಎಂದೂ ಆಗಿದ್ದಿಲ್ಲ. ಕೆಡವಲ್ದ್ಯಾಕ ಇದು! ಒಂದು ಸಲ, ಒಂದೇ ಒಂದು ಸಲ ನನ್ನ ಕಣ್ಣ ಮುಂದ ಕೆಡಲಿ ಅಂತ ಅನಕೊಂಡ. ಅನಕೊಂಡದ್ದು ಅವನಿಗೇ ಅಸಹ್ಯ ಅನಸ್ತು, ಜಡ್ಡಾದ ಕೂಸಿನ ಹಂತ್ಯಾಕ ಕುಂತು ಕೆಮ್ಮು ಕೆಮ್ಮು ಅಂದಂಗ.

ಸ್ಟೇರಿಂಗಿನ ಹಿಂದ ಡ್ರೈವರ ಗೊಲ್ಲಾಳಪ್ಪ ಕುಂತಿದ್ದ. ತೆಳ್ಳನ್ನ ಮನಿಷ್ಯಾ, ನಲವತ್ತರ ಆಜೂಬಾಜೂ, ತಲಿಗೆ ಖಾಕಿ ಟೊಪಗಿ, ಅದನ್ನ ಮೋಟಾರದ ಮಾಲಕರು, ವಕೀಲರು, ಕೊಡಿಸಿದ್ದು. ಇವತ್ತು ಸಂಜಿಗೆ ಆ ಟೊಪಗಿನೂ ಮೋಟಾರದ ಕೀಲಿನೂ ವಕೀಲರ ಮನಿ ಕಟ್ಟಿ ಮ್ಯಾಲೆ ಇಟ್ಟು ಹೋಗಬೇಕು ಅಂತ ಅವನಿಗೆ ಹೇಳಿ ಆಗಿತ್ತು. "ಬಂದ್ ಮಾಡ್ಲೇನ್ರಿ ಉಸ್ತಾದ್?" ಅಂದ, ಮೆತ್ತಗ, ಮಲಗಿದವರನ್ನ ಎಬ್ಬಿಸಬಾರದು ಅನ್ನೂಹಂಗ. "ಮಾಡು," ಅಂದ ಸಮದ. ಸಪ್ಪಳ ನಿಂತ ಕೂಡಲೇ ಓಣ್ಯಾಗ ಯಾರೋ ಹಿಂಜಿ ಒಣಗಹಾಕಿದ್ದ ಹತ್ತಿಯಿಂದ ಒಂದು ಎಳಿ ತೇಲಿ ಬಂದು ಬ್ಯಾಟ್ರಿ ಮ್ಯಾಲೆ ಕುಂತಿತು. ಸಮದ ಅದನ್ನ ನೋಡಕೋತ ನಿಂತ. ಬ್ಯಾಟ್ರಿ ತಿಕ್ಕಿ ತೊಳದಾಗಿತ್ತು. ಅದರ ಕೊನಿ ಎರಡೂ ಮಿಂಚಾಕತ್ತಿದ್ವು. ಸ್ಟಾರ್ಟರ ಬಿಚ್ಚಿ ಬ್ರಶ್ಶು ಹೊಸಾವು ಹಾಕ್ಯಾಗಿತ್ತು. ದಪ್ಪ ವಾಯರು, ಸಣ್ಣ ವಾಯರು, ಎಲ್ಲಾ ಹಿಡದು ಎಳದು ಜಗ್ಗಿ ನೋಡ್ಯಾಗಿತ್ತು. ಏನೂ ಇಲ್ಲ. ಹೋದ ವಾರ ವಕೀಲರ ಮುಂದೂ ಅಂವ ಹಂಗ ಅಂದಿದ್ದ. "ಏನೂ ಇಲ್ರಿ ಸಾಹೇಬ್ರ, ಮೋಟಾರ ಬರೋಬ್ಬರಿ ಅದ." ಆ ಮಾತು ಗುಮ್ಮಟದಾಗ ಒದರಿದಂಗ ಅವನಿಗೆ ತಿರುಗಿ ತಿರುಗಿ ಕೇಳಸಾಕತ್ತಿತ್ತು, ಏನೂ ಇಲ್ರಿ, ಏನೂ ಇಲ್ರಿ, ಸಣ್ಣಾಗಕೋತ, ಆದರ ಮುಗೀವಲ್ದು. ಯಾಕಂದ್ರ ಆ ಮಾತು ಅಂದ ಕೂಡಲೇ ವಕೀಲರು ಮೋಟಾರ ನೋಡೋದು ಬಿಟ್ಟು ಗೊಲ್ಲಾಳಪ್ಪನ್ನ ನೋಡಿದ್ದರು. ಮೋಟಾರದಾಗ ಏನೂ ಇಲ್ಲಂದ್ರ ಮತ್ತ ಎಲ್ಲೋ ಇರಬೇಕಲ್ಲ!

ಅಷ್ಟಕ್ಕೂ ಅದರ ಚಾಳಿನೂ ಹಂಗ ಇತ್ತು. ದಸರಾ ಆದಮ್ಯಾಲೆ ಸುರು ಆದದ್ದು. ವಕೀಲರು ವಾರಕ್ಕೊಮ್ಮೆ ಟಿಕೋಟಾಕ್ಕ ಹೋಗಿ ಪಕ್ಷಗಾರರನ್ನ ಮಾತಾಡ್ಸಿ, ಅಲ್ಲಿಂದ ಬಬಲೇಶ್ವರದ ಮ್ಯಾಲೆ ಹಾದು ನಿಡೋಣ್ಯಾಗಿನ ಹೊಲ ನೋಡಕೊಂಡು ಬರವರು. ಈ ಲ್ಯಾಂಡಮಾಸ್ಟರ ಗಾಡಿ ಎಲ್ಲೆಲ್ಲೋ ಹತ್ತು ಕಡೆ ಬಂದ್ ಮಾಡಿದರೂ ಗುಂಡಿ ಎಳದ್ರ ಚಾಲೂ ಆಗತಿತ್ತು. ಬಬಲೇಶ್ವರದಾಗ ರಾಚವ್ವನ ಚಾದಂಗಡಿ ಮುಂದ ಮಾತ್ರ ಟಕ್ ಅಂತಿತ್ತು, ಅಷ್ಟ. ಪ್ರತಿ ವಾರ ಅಲ್ಲ ಮತ್ತ. ಎರಡು ವಾರ ಆಗೋದು, ಒಂದು ವಾರ ಆಗವಲ್ದು. ಹ್ಯಾಂಡಲ್ ಹಾಕಿ ತಿರುವಬೇಕು, ಇಲ್ಲಾ ನಾಕ ಮಂದಿ ದಬ್ಬಬೇಕು. ಗೊಲ್ಲಾಳಪ್ಪ ಹೆಂಡತಿ ಸತ್ತಾಂವ. ರಾಚವ್ವ ಗಂಡ ಇಲ್ಲದಾಕಿ. ಮಂದಿಗೆ ಇಷ್ಟ ಸಾಕಲ್ಲ! "ಮೋಟಾರಕ್ಕ ಚಾ ಬೇಕಾಗ್ಯದ ನೋಡ್ರಿ," ಅನ್ನವರು. ಹದಿನೈದು ದಿನದ ಹಿಂದ ದಬ್ಬಾಕ ಮಂದಿ ಕಮ್ಮಿ ಬಿದ್ದು ವಕೀಲರs ಇಳಿದಿದ್ದರು. ಕರೇ ಕೋಟು, ಪಾಲಿಶ್ ಬೂಟು, ಬೂಟು ಹೋಗಿ ಎಮ್ಮಿ ಸಗಣ್ಯಾಗ ಪಚಕ್ ಅಂದಿತ್ತು. ರಾಚವ್ವ ಒಲಿ ಮುಂದ ಕುಂತಾಕಿ ನಕ್ಕಬಿಟ್ಟಿದ್ಳು. ಆ ನಗು ವಕೀಲರು ಬಿಜಾಪುರಕ್ಕ ಬಂದರೂ ಬಿಟ್ಟು ಬಂದಿದ್ದಿಲ್ಲ.

"ಹೋಗೂಣು ನಡಿ," ಅಂದ ಸಮದ ಅವಚಿತ್ತ. ಗೊಲ್ಲಾಳಪ್ಪ ಟೊಪಗಿ ತಗದು ಹೊಳ್ಳಿ ನೋಡಿದ. "ಎಲ್ಲಿಗ್ರಿ?" "ಟಿಕೋಟಾ. ಅಲ್ಲಿಂದ ಬಬಲೇಶ್ವರ. ವಕೀಲರನ್ನ ಹ್ಯಾಂಗ ಕರಕೊಂಡು ಹೋಗ್ತಿ ಹಂಗs ನನ್ನ ಕರಕೊಂಡು ಹೋಗು. ಎಲ್ಲಿ ನಿಲ್ಲಸ್ತಿ ಅಲ್ಲೇ ನಿಲ್ಲಸು. ಚಾ ಕುಡಿಯೋ ಕಡೆ ಚಾ ಕುಡಿಯೂಣು." "ವಕೀಲರು ಹಿಂದ ಕುಂದರ್ತಾರ್ರಿ," ಅಂದ ಗೊಲ್ಲಾಳಪ್ಪ, ತುಟಿ ಅಂಚಿನಾಗ ನಕ್ಕೋತ. "ನೀವೂ ಹಿಂದ ಕುಂದರ್ತೀರೇನು? ಹಂಗಾರ ನಾ ಬಾಗಲಾ ತಗೀತೇನಿ." "ಲೇ, ಸಂಜಿಗೆ ನಿನ್ನ ಕೆಲಸ ಹೋಗೂದದ, ನಿನಗ ನಗಿ ಬರ್ತದಲ್ಲೋ!" "ಅತ್ತರ ಉಳಿತೈತೇನ್ರಿ?" ಅಂದು ಅಂವ ಗುಂಡಿ ಎಳದ. ಚಾಲೂ ಆತು. ಹತ್ತನೇ ಸಲ.

ಊರು ದಾಟಿದ ಮ್ಯಾಲೆ ರಸ್ತೆದ ಎರಡೂ ಕಡೆ ಹಿಂಗಾರಿ ಜ್ವಾಳ ಮೊಣಕಾಲುದ್ದ ಬೆಳದು ನಿಂತಿತ್ತು. ಥಂಡಿ ಗಾಳಿ. ಬಿಸಲು ಇದ್ದೂ ಇಲ್ಲದಂಗ, ಗಾಜಿನ ಆಚಿ ಕಡಿಂದ ಬಂದಂಗ. ಸಮದ ಮುಂದಿನ ಸೀಟಿನ್ಯಾಗ ಗೊಲ್ಲಾಳಪ್ಪನ ಬಾಜೂಕ ಕುಂತು ತನ್ನ ಕೈ ನೋಡಕೊಂಡ. ಮುಂಜಾನೆ ಹೆಂಡತಿ ಆಶಾಬಿ ರೊಟ್ಟಿ ಹಾಕುಮುಂದ ಅಂದಿದ್ಳು, "ಏನ್ರಿ, ರಾತ್ರೆಲ್ಲಾ ನಿದ್ದ್ಯಾಗ ಕೈ ಆಡಸಾಕತ್ತಿದ್ರಿ. ಎರಡು ಬಟ್ಟಿಲೆ ಏನೋ ತಿರುವಾಕತ್ತಿದ್ರಿ ನೋಡ್ರಿ, ಅತ್ತರ ಬಾಟ್ಲಿ ಮುಚ್ಚಳ ತಗದಂಗ." ಅಂವ ನಕ್ಕು ಬಿಟ್ಟಿದ್ದ. ಈಗ ಆ ಎರಡು ಬಟ್ಟು ನೋಡಿದರ ಅವು ಬ್ಯಾರೆ ಯಾರದೋ ಬಟ್ಟು ಕಂಡಂಗ ಕಂಡ್ವು. ಹೆಬ್ಬಟ್ಟು, ತೋರಬಟ್ಟು. ಇವಕ್ಕ ಏನೋ ಗೊತ್ತದ, ನನಗ ಹೇಳವಲ್ವು. ಉಸ್ತಾದ ಯಲಗೂರಪ್ಪನೂ ಹಂಗ ಅಂತಿದ್ದ, ಕೈಗೆ ಮೊದಲು ತಿಳೀತದ ಮಗನ, ತಲಿಗೆ ಹಿಂದಿಂದ ಬರ್ತದ. ಯಲಗೂರಪ್ಪ ಕಂಬಾರ, ನೇಗಲ ಬಡಿಯೋದು ಬಿಟ್ಟು ಮೋಟಾರ ಕಲತಾಂವ, ಇವನಿಗೂ ಕಲಸ್ದಾಂವ. ಚೀನಾದ ಲಡಾಯಿ ನಡದಿತ್ತಲ್ಲ ಹೋದ ವರ್ಷ, ಆ ಥಂಡ್ಯಾಗ ತೀರಿಕೊಂಡ. ಅಂಗಡಿ ಈಗ ಸಮದಂದು, ಆದರ ಗ್ವಾಡಿಗೆ ನಿಂತ ಹತೋಡಿ ಇನ್ನೂ ಅವಂದs.

ಯಲಗೂರಪ್ಪ ಒಂದಿನ ಮಣ್ಣಾಗ ಕಡ್ಡಿಲೆ ಗೀರಿ ತೋರಿಸಿದ್ದ. ಇದು ಬ್ಯಾಟ್ರಿ. ಇಲ್ಲಿಂದ ಕರೆಂಟ ಹೊಂಟು ಸ್ಟಾರ್ಟರಿಗೆ ಬಂತು, ಸ್ಟಾರ್ಟರ ಇಂಜಿನ್ ತಿರುವ್ತು. ಆತೇನು? ಆತ್ರಿ, ಅಂದಿದ್ದ ಸಮದ. ಅದು ಹ್ಯಾಂಗ ಆಗ್ತದೋ ಮಂಗ್ಯಾ, ಹೋದದ್ದು ಹೊಳ್ಳಿ ಬ್ಯಾಟ್ರಿಗೆ ಬರಬ್ಯಾಡೇನು? ಇಂಜಿನ್ನಿನ ಮೈಯಿಂದ ಗಾಡಿ ಮೈಗೆ, ಗಾಡಿ ಮೈಯಿಂದ ಬ್ಯಾಟ್ರಿಗೆ. ಹೊಳ್ಳಿ ಬರೋ ದಾರಿ ಕೆಟ್ಟಿತ್ತಂದ್ರ ಅದು ಸುಮ್ಮ ಕುಂದ್ರಂಗಿಲ್ಲ, ಕಳ್ಳದಾರಿ ಹುಡಕ್ತದ, ಎಲ್ಲಿ ಸಣ್ಣ ತಂತಿ ಸಿಗತದ ಅಲ್ಲಿ ನುಸೀತದ. ಆ ಕಡ್ಡಿ, ಆ ಮಣ್ಣು, ಮಣ್ಣಾಗ ಗೀರಿದ ಆ ದುಂಡನ್ನ ದಾರಿ ಈಗ ಟಿಕೋಟಾದ ರಸ್ತಾದ ಮ್ಯಾಲೆ ಬಿದ್ದು ಹೊಂಟಂಗ ಕಂಡ್ವು. ಮೋಟಾರ ಆ ಗೀರಿನ ಮ್ಯಾಲೆ ಓಡಾಕತ್ತಿತ್ತು. ಬಿಜಾಪುರದಿಂದ ಹೊಂಟದ್ದು ಬಿಜಾಪುರಕ್ಕ ಹೊಳ್ಳಿ ಬರಬೇಕು. ಎಲ್ಲೋ ಒಂದು ಕಡೆ ಹರದದ, ಎಲ್ಲಿ?

ಟಿಕೋಟಾದಾಗ ಬೇವಿನ ಗಿಡದ ಬುಡಕ್ಕ ನಿಲ್ಲಸಿ ಬಂದ್ ಮಾಡಿದರು. ಬಿಜ್ಜರಗಿ ಕಡಿಂದ ಬಂದ ಕುರಿಕಾರರು ಎರಡು ಮಂದಿ ಅಲ್ಲೇ ಕುಂತಿದ್ರು, ಕಂಬಳಿ ಹೊಚ್ಚಕೊಂಡು. ಗೊಲ್ಲಾಳಪ್ಪ ಗುಂಡಿ ಎಳದ. ಚಾಲೂ. ಬಂದ್. ಎಳದ. ಚಾಲೂ. ಬಂದ್. ಕುರಿಕಾರ ಒಬ್ಬಾಂವ ಎದ್ದು ಬಂದು ಕಿಡಕ್ಯಾಗ ಇಣಿಕಿ ನೋಡಿ, "ಯಾಕ್ರಿ ಯಪ್ಪಾ, ಹೊಂಡಾಕ ಮನಸಾಗವಲ್ದೇನು?" ಅಂದ. ಗೊಲ್ಲಾಳಪ್ಪನ ಕಿವಿ ಕೆಂಪಾದ್ವು. ಅಷ್ಟ ಮಾತಿಗೆ ಯಾಕ ಕೆಂಪಾದ್ವು ಅಂತ ಸಮದಗ ತಿಳೀಲಿಲ್ಲ.

ತಿಳದದ್ದು ಬಬಲೇಶ್ವರದ ಹಾದ್ಯಾಗ. ನಡುವ ಒಂದು ಕಡೆ ಕುರಿ ಹಿಂಡು ಅಡ್ಡ ಬಂತು. ಇನ್ನೂರು ಕುರಿ ಮೋಟಾರದ ಎರಡೂ ಕಡೆ ನೀರು ಹರದಂಗ ಹರಕೋತ ಹೊಂಟ್ವು, ಧೂಳು ಎದ್ದು ಗಾಜು ಮಬ್ಬಾತು, ಒಳಗ ಇಬ್ಬರೂ ಹಿಟ್ಟಿನ ಗಿರಣ್ಯಾಗ ಕುಂತಂಗ ಆತು. ಮೋಟಾರ ನಿಂತೇತೋ ಹಿಂದಕ್ಕ ಹೊಂಟೇತೋ ಗೊತ್ತಾಗದಂಗ. ಆವಾಗ ಗೊಲ್ಲಾಳಪ್ಪ ಅಂದ, ಮುಖ ಈ ಕಡೆ ತಿರುವಲಾರದ, "ಉಸ್ತಾದ್, ಒಂದು ಕೇಳಲೇನ್ರಿ? ನಗಬ್ಯಾಡ್ರಿ ಮತ್ತ."

"ಕೇಳು."

"ಮನಸಿನ್ಯಾಗ ಅನಕೊಂಡ್ರ ಮೋಟಾರ ನಿಲ್ಲತೈತೇನ್ರಿ?"

"ಏನಂತ ಅನಕೊಂಡ್ರ?"

"ಚಾಲೂ ಆಗೂದು ಬ್ಯಾಡಂತ." ಅಂವ ಹಾರ್ನ್ ಒತ್ತಿದ, ಕುರಿಗೆ ಅಲ್ಲ, ಸುಮ್ಮನs. "ನಾ ಅಕಿ ಕೂಡ ಎಂದೂ ಮಾತಾಡಿಲ್ರಿ. ಖರೇವಂದ್ರೂ ಇಲ್ರಿ. ಚಾ ಕೊಡ್ತಾಳ, ಕುಡೀತೀನಿ. ಬಸಿ ಕೊಡ್ತಾಳ, ತೊಳದು ಇಡ್ತೀನಿ. ಆದರ ವಕೀಲರು ಎದ್ದು ನಡಿ ಅಂದಾಗ, ಇವತ್ತೊಂದು ಅರ್ಧಾ ತಾಸು ಚಾಲೂ ಆಗಬಾರದ್ರಿ ಅಂತ ಒಳಗಿಂದ ಒಳಗ ಅನಸ್ತೈತಿ. ಅನಸ್ತೈತಿ, ಗುಂಡಿ ಎಳೀತೇನಿ, ಟಕ್ ಅಂತೈತಿ. ಅನಸದ ದಿನ ಚಾಲೂ ಆಗ್ತೈತಿ. ವಕೀಲರು ಅನ್ನೋದು ಸುಳ್ಳಲ್ಲೇನೋರಿ. ನಾನs ನಿಲ್ಲಸಾಕತ್ತೇನೇನೋ."

"ಮೋಟಾರಕ್ಕ ನಿನ್ನ ಮನಸು ಹ್ಯಾಂಗ ತಿಳೀತದಲೇ? ಅದೇನು ಎತ್ತೇನು?"

"ಎತ್ತಿಗೆ ತಿಳೀತಿತ್ರಿ. ನಮ್ಮಪ್ಪನ ಎತ್ತು ಸೆರೆ ಅಂಗಡಿ ಮುಂದ ತಾನs ನಿಲ್ಲತಿತ್ತು. ಅಪ್ಪ ಸತ್ತಮ್ಯಾಲೂ ಒಂದು ವರ್ಷ ನಿಲ್ಲತಿತ್ತು."

ಸಮದ ನಗಲಿಲ್ಲ. ಧೂಳು ಕುಂದರಾಕತ್ತಿತ್ತು, ಗಾಜಿನ ಆಚೆ ಒಂದೊಂದs ಗಿಡ ಹೊಳ್ಳಿ ಹುಟ್ಟಿ ಬಂದಂಗ ಕಾಣಾಕತ್ತಿದ್ವು. ಅವನಿಗೆ ತನ್ನ ಬಗ್ಗೆನs ನಾಚಿಕಿ ಬಂತು. ತಾನು 'ಏನೂ ಇಲ್ರಿ' ಅಂದ ಎರಡು ಶಬ್ದ ಈ ಮನಿಷ್ಯಾನ ತಲಿಯೊಳಗ ಹೊಕ್ಕು ಇಲ್ಲದ್ದೊಂದು ಹುತ್ತ ಕಟ್ಯಾವ. ಅಂವ ತನ್ನ ಮನಸಿನ ಮ್ಯಾಲೆನs ಕಳವಿನ ಆರೋಪ ಹೊರಸಕೊಂಡಾನ, ಸಂಜಿಗೆ ಟೊಪಗಿ ಇಟ್ಟು ತಲಿ ತಗ್ಗಿಸಿ ಹೋಗ್ತಾನ, ಮತ್ತ ಯಾವ ಹೆಣ್ಣಮಗಳ ಕೈಯಾಗಿನ ಚಾ ಕುಡಿಯಾಕೂ ಅಂಜತಾನ.

ರಾಚವ್ವನ ಅಂಗಡಿ ಅಂದ್ರ ನಾಕು ಕಂಬ, ಮ್ಯಾಲೆ ತಗಡು, ಒಂದು ಒಲಿ, ಎರಡು ಬಾಂಕು. ಅಕಿ ಗಟ್ಟಿ ಆಳು, ದಪ್ಪ ಧ್ವನಿ. ಮೋಟಾರ ನಿಂತ ಕೂಡಲೇ ಸೆರಗು ಸಂವರಸಿಕೊಂಡು, "ವಕೀಲರು ಎಲ್ಲಿ? ಬೂಟು ತೊಳಿಯಾಕ ಹೋಗ್ಯಾರೇನು?" ಅಂದ್ಳು. ಬಾಂಕಿನ ಮ್ಯಾಲಿನವರೆಲ್ಲಾ ಘೊಳ್ ಅಂತ ನಕ್ಕರು. "ಇವರು ಉಸ್ತಾದ್ರು," ಅಂದ ಗೊಲ್ಲಾಳಪ್ಪ, "ಮೋಟಾರ ನೋಡಾಕ ಬಂದಾರ." "ಮೋಟಾರ ನೋಡಾಕ ಬಂದಾರೋ, ನನ್ನ ನೋಡಾಕ ಬಂದಾರೋ? ಮೋಟಾರ ಕೆಟ್ಟದ್ದು ನನ್ನಿಂದ ಅಂತಾರಂತಲ್ಲಪಾ ನಿಮ್ಮ ಊರಾಗ. ಕುಂದರ್ರಿ ಯಣ್ಣಾ. ಮಾಟಾ ಮಾಡೇನೇನು ಅಂತ ನೋಡಿ ಹೇಳ್ರಿ." ಬಸಿ ಮ್ಯಾಲೆ ಕಪ್ಪು ಇಟ್ಟು ಕೊಟ್ಟಳು. ನಗಾಕತ್ತಿದ್ಳು ಖರೇ, ಆದರ ಕೊಡುಮುಂದ ಕಪ್ಪು ಬಸಿಗೆ ಬಡದು ಕಿಣಿಕಿಣಿ ಅಂದದ್ದು ಸಮದನ ಕಿವಿಗೆ ಬಿತ್ತು. ಗೊಲ್ಲಾಳಪ್ಪ ನೆಲಾ ನೋಡಕೋತ ಚಾ ಕುಡದ. ಕುಡದು ಕಪ್ಪು-ಬಸಿ ತಾನs ತೊಳದು ಡಬ್ಬ ಹಾಕಿದ. ಇಷ್ಟ ನೋಡ್ರಿ ಅವರ ಸಂಸಾರ! ಒಂದು ಬಸಿ ತೊಳಿಯೋದು.

ಹೊಳ್ಳಿ ಬಂದು ಕುಂತರು. "ಈಗ ಏನನಸ್ತದ?" ಅಂತ ಕೇಳಿದ ಸಮದ. ಗೊಲ್ಲಾಳಪ್ಪ ಒಂದು ಸಲ ಒಲಿ ಕಡೆ ನೋಡಿದ. ಗುಂಡಿ ಎಳದ.

ಟಕ್.

ಮತ್ತ ಎಳದ. ಟಕ್. ಬಾಂಕಿನ ಮ್ಯಾಲಿನವರು ಚಪ್ಪಾಳಿ ಹೊಡದರು. "ಆತ್ ನೋಡ್ರಿ! ಕುಂತ್ತಲ್ಲ!" ಗೊಲ್ಲಾಳಪ್ಪನ ಮುಖ ಬೂದಿ ಆತು. ಸಮದಗ ಮಾತ್ರ ಖುಷಿ ಆತು. ಕಡೀಕೂ ಸಿಕ್ತು! "ಲೈಟ್ ಹಚ್ಚು," ಅಂದ. ಲೈಟು ಝಗ್ ಅಂತ ಹತ್ತಿದ್ವು, ಗುಂಡಿ ಎಳದರೂ ಮಬ್ಬಾಗಲಿಲ್ಲ. ಅಂದ್ರ ಬ್ಯಾಟ್ರಿ ತಪ್ಪಲ್ಲ. ಬ್ಯಾಟ್ರ್ಯಾಗ ಜೀವ ಅದ, ಆದರ ಹೊಂಡವಲ್ದು. "ಎಳಕೋತ ಇರು, ಬಿಡಬ್ಯಾಡ," ಅಂದು ಸಮದ ಬೋರ್ಡಿನ ಮ್ಯಾಲೆ ಕೈ ಊರಿದ. ಕೈ ಊರಿದ್ದು ಚೋಕಿನ ಗುಂಡಿ ಮ್ಯಾಲೆ, ಥಂಡ್ಯಾಗ ಇಂಜಿನ್ ಎಬ್ಬಸಾಕ ಎಳಿಯೋ ಆ ಸಣ್ಣ ಕರೇ ಗುಂಡಿ. ಅದು ಬೆಚ್ಚಗಿತ್ತು.

ಬೆಚ್ಚಗ. ಜ್ವರ ಬಂದ ಕೂಸಿನ ಹಣಿಯಂಗ. ಚೋಕು ಯಾಕ ಬೆಚ್ಚಗಾಗಬೇಕು? ಅದು ಬರೇ ಒಂದು ತಂತಿ, ಕರೆಂಟಿಗೂ ಅದಕ್ಕೂ ಸಂಬಂಧs ಇಲ್ಲ. ಗುಂಡಿಯಿಂದ ಹೊಂಟು ಇಂಜಿನ್ನಿಗೆ ಮುಟ್ಟೋ ಸಣ್ಣ ತಂತಿ. ಇಂಜಿನ್ನಿಗೆ. ಗಾಡಿ ಮೈಯಿಂದ ಇಂಜಿನ್ನಿಗೆ. ಕಳ್ಳದಾರಿ ಹುಡಕ್ತದ ಮಗನ, ಎಲ್ಲಿ ಸಣ್ಣ ತಂತಿ ಸಿಗತದ ಅಲ್ಲಿ ನುಸೀತದ. ಮಂದಿ ನಗು, ಒಲಿ ಹೊಗಿ, ಬಬಲೇಶ್ವರದ ಬಿಸಲು ಎಲ್ಲಾ ನೀರಿನ ತಳದಾಗ ಮುಣಗಿದಂಗಾಗಿ, ಆ ಗುಂಡಿ ಮ್ಯಾಲಿನ ಕೈಯೊಂದs ಎಚ್ಚರ ಇತ್ತು. ಅಂವ ಇಳದ. ಬಾನೆಟ್ ಎತ್ತಿದ. ಇಂಜಿನ್ನಿನಿಂದ ಗಾಡಿ ಮೈಗೆ ಒಂದು ತಾಂಬ್ರದ ಪಟ್ಟಿ ಇರತದ, ಜಡಿ ಹೆಣದಂಗ ಹೆಣದದ್ದು, ಬ್ಯಾಟ್ರಿ ಹಲಗಿ ಕೆಳಗ, ಬಗ್ಗಿ ನೋಡಿದರ ಕಾಣಸೋದು. ಹೊಳ್ಳಿ ಬರೋ ದಾರಿ ಅದು. ಮೂರು ಸಲ ಬಾನೆಟ್ ಎತ್ತಿ ಎಲ್ಲಾ ನೋಡಿದಾಂವ ಅದೊಂದನ್ನ ನೋಡಿದ್ದಿಲ್ಲ. ಯಾಕ ನೋಡಲಿ? ಅದನ್ನ ತಾನs ಹೊಸದು ತಂದು ಹಾಕಿದ್ದು, ದಸರಾಕ್ಕ ಎರಡು ದಿನ ಮೊದಲು ಕ್ಲಚ್ಚಿನ ಕೆಲಸಕ್ಕ ಇಂಜಿನ್ ಇಳಿಸಿದಾಗ. ತನ್ನ ಕೈ ಕೆಲಸ ತಾನು ಯಾರು ಪರೀಕ್ಷಾ ಮಾಡ್ತಾರ!

ಪಟ್ಟಿ ಕೊನಿಗೆ ನಟ್ಟು. ನಟ್ಟಿನ ಮ್ಯಾಲೆ ಒಣಗಿದ ಕುಂಕುಮದ ಬಟ್ಟು. ಅರ್ಧ ನಟ್ಟಿನ ಮ್ಯಾಲೆ, ಅರ್ಧ ಬೋಲ್ಟಿನ ಮ್ಯಾಲೆ, ನಡುವ ಕೂದಲೆಳಿಯಷ್ಟು ಬಿರಕು.

ಸಮದ ಹೆಬ್ಬಟ್ಟು ತೋರಬಟ್ಟು ಕೂಡಿಸಿ ಹಿಡದು ತಿರುವಿದ. ತಿರುಗಿತು. ಅತ್ತರ ಬಾಟ್ಲಿ ಮುಚ್ಚಳದಂಗ.

ಸಾವಂತ್ರವ್ವ. ಯಲಗೂರಪ್ಪನ ಹೆಂಡತಿ, ಈಗ ತಲಿ ಪೂರಾ ಬೆಳ್ಳಗಾಗ್ಯದ. ಗಂಡ ಸತ್ತರೂ ದಸರಾದ ಖಂಡೇಪೂಜಿಗೆ ಅಂಗಡಿಗೆ ಬರೋದು ಬಿಟ್ಟಿಲ್ಲ. ಪಾನಾ, ಹತೋಡಿ, ಇಕ್ಕಳ, ಎಲ್ಲಾ ಎಣ್ಣಿ ಹಚ್ಚಿ ತಿಕ್ಕಿ ಮಣಿ ಮ್ಯಾಲೆ ಸಾಲಾಗಿ ಇಡತಾಳ, ಮರುದಿನ ಬನ್ನಿ ಕೊಡೂತನಾ ಒಂದನ್ನೂ ಎತ್ತಬಾರದು. ನಟ್ಟು ಬಿಗಿಯೋದಕ್ಕ ಪಾನಾ ತಗೊಂಡು ಸಮದ ಮೋಟಾರದೊಳಗ ಬಗ್ಗಿದ್ದ ಆ ಸಂಜಿಮುಂದ. ಎಲ್ಲಾ ಆಗಿತ್ತು, ಇದೊಂದು ಉಳದಿತ್ತು, ಕೈಲೆ ತಿರುವಿ ಕುಂದರಿಸಿದ್ದ. "ಸಮದಾ, ಸಾಕು ತಾರೋ ಪಾನಾ, ಹೊತ್ತ ಮುಣಗಾಕತ್ತೈತಿ. ಅದೊಂದs ಉಳದೈತಿ, ನಿಮ್ಮ ಉಸ್ತಾದನ ಕೈಯಾಂದು." ಅಕಿ ಕೈ ಚಾಚಿ ನಿಂತಿದ್ಳು, ಮೊಣಕೈ ತನಾ ಅರಿಷಿಣ. ಎರಡು ಹುರಿ ತಿರುವೂದಿತ್ತು, ಒಂದು ಉಸಿರಿನ ಕೆಲಸ. ಅಕಿ ಕೈ ನೋಡಿ ಕೊಟ್ಟುಬಿಟ್ಟ. ನಾಡದ ಬಿಗದರಾತು ಅಂದ. ಅಕಿ ಬಂದು ಮೋಟಾರದೊಳಗೂ ಬಗ್ಗಿ, ಕೈಗೆ ಸಿಕ್ಕಲ್ಲೆಲ್ಲಾ ಕುಂಕುಮ ಹಚ್ಚಿ, ಇದರ ಜೀವನೂ ತಣ್ಣಗಿರಲಿ ಅಂದಿದ್ಳು. ಮರುದಿನ ಪೂಜಿ. ಅದರ ಮರುದಿನ ನಿಡೋಣಿಗೆ ಬನ್ನಿ ಕೊಡಾಕ ಹೋಗಬೇಕಂತ ವಕೀಲರು ಮುಂಜಾನಿನs ಮೋಟಾರ ಒಯ್ಯಾಕ ಕಳಿಸಿದರು. ಮಣಿ ಮ್ಯಾಲೆ ಪಾನಾ ಇನ್ನೂ ಹೂವಿನ ಕೆಳಗ ಮಲಗಿತ್ತು. ಮರತ್ನೇನು ನಾ? ಅಂತ ಕೇಳಕೊಂಡ ಸಮದ. ಮರತಿದ್ದರ ರಾತ್ರೆಲ್ಲಾ ಈ ಬಟ್ಟು ಯಾಕ ತಿರುವತಿದ್ವು?

ಪಾನಾ ಕಿಸೆದಾಗಿತ್ತು. ಅದs ಪಾನಾ. ಬಾನೆಟ್ಟಿನ ಮರಿಗೆ ಯಾರಿಗೂ ಕಾಣಸಂಗಿಲ್ಲ. ಎರಡು ಹುರಿ ಬಿಗದರ ಮುಗೀತು, ಈ ಮೋಟಾರ ಇನ್ನೆಂದೂ ಟಕ್ ಅನ್ನಂಗಿಲ್ಲ. ಕೈ ಕಿಸೆಕ್ಕ ಹೋತು ಖರೇ. ಹೋಗಿ ಅಲ್ಲೇ ನಿಂತಿತು. ಇನ್ನೆಂದೂ ಟಕ್ ಅನ್ನಂಗಿಲ್ಲ ಅಂದ್ರ ಮಂದಿ ಏನಂತಾರ? ನೋಡಿದ್ಯಾ, ವಕೀಲರು ಬೈದ ಮ್ಯಾಲೆ ಹ್ಯಾಂಗ ರಿಪೇರಿ ಆತು! ಡ್ರೈವರಂದs ಆಟಾ ಇತ್ತು! ಬಿಗಿದ ನಟ್ಟು ಗೊಲ್ಲಾಳಪ್ಪನ ಕೊಳ್ಳಿಗೆ ಬಿಗದಂಗ. ಸಮದ ನಟ್ಟನ್ನ ಹೊಳ್ಳಿ ತಿರುವಿ, ಮೊದಲು ಹ್ಯಾಂಗಿತ್ತೋ ಹಂಗs, ಸಡಿಲ, ಅಲ್ಲೇ ತಂದು ಬಿಟ್ಟ. ಆಮ್ಯಾಲೆ ಹೆಬ್ಬಟ್ಟಿಗೆ ಉಗುಳು ಹಚ್ಚಿ ಕುಂಕುಮ ಒರಸಿದ. ಅದು ವಕೀಲರ ಕಣ್ಣಿಗೆ ಬಿದ್ದರ ಸಾವಂತ್ರವ್ವನ ಹೆಸರು ಬರ್ತದ. ಮುದುಕಿ ಕೈ ಚಾಚಿದ್ದು ತಪ್ಪಲ್ಲ, ಕೊಟ್ಟು ಸುಮ್ಮನಾದದ್ದು ತಪ್ಪು.

"ಸಿಕ್ತೇನ್ರಿ?" ಗೊಲ್ಲಾಳಪ್ಪ ಬಾಜೂಕ ಬಂದು ನಿಂತಿದ್ದ. ಹೇಳಬೇಕಿತ್ತು. ಅಲ್ಲೇ, ಆ ಬಾಂಕಿನವರ ಮುಂದ, ರಾಚವ್ವನ ಮುಂದ ಹೇಳಬೇಕಿತ್ತು. "ಸಿಗಾಕತ್ತದ," ಅಂದ ಸಮದ. ನಾಲಿಗಿ ಎಷ್ಟು ಅಂಜುಬುರಕ ಅನಸ್ತು ಅವನಿಗೆ. "ಹ್ಯಾಂಡಲ್ ಹಾಕು. ವಕೀಲರ ಮನಿಗೆ ನಡಿ. ನಡುವ ಎಲ್ಲೂ ಬಂದ್ ಮಾಡಬ್ಯಾಡ." ಹ್ಯಾಂಡಲ್ ತಿರುವಿದ ಕೂಡಲೇ ಚಾಲೂ ಆತು. ಮೋಟಾರ ಹೊಂಡುಮುಂದ ರಾಚವ್ವ ಒಲಿ ಮುಂದಿಂದ ಎದ್ದು ನಿಂತು, ನಗಲಾರದ, "ರಿಪೇರಿ ಆತೇನ್ರಿ ಯಣ್ಣಾ? ಇನ್ನ ನಿಲ್ಲಂಗಿಲ್ಲೇನು?" ಅಂತ ಕೇಳಿದ್ಳು. ಗೊಲ್ಲಾಳಪ್ಪ ಗೇರು ಹಾಕಿ ಮೋಟಾರ ಮುಂದಕ್ಕ ಬಿಟ್ಟ.

ದಾರ್ಯಾಗ ಜ್ವಾಳ ಮತ್ತ ಬಂತು, ಅದs ಹಸರು, ಆದರ ಬಿಸಲು ಹೊಳ್ಳಿ ಬಿದ್ದಿತ್ತಲ್ಲ, ಬ್ಯಾರೆ ದೇಶದಂಗ ಕಂಡಿತು. ಸಮದ ಬೇಡಿಕೊಳ್ಳಾಕತ್ತಿದ್ದ. ಯಾ ಅಲ್ಲಾ, ವಕೀಲರ ಅಂಗಳದಾಗ ಇದು ಚಾಲೂ ಆಗಬಾರದು. ಅವರ ಕೈಯಾಗs ಟಕ್ ಅನ್ನಲಿ. ಟಕ್ ಅಂದ್ರ ನಾ ಬಾನೆಟ್ ಎತ್ತಿ ತೋರಿಸ್ತೀನಿ, ನೋಡ್ರಿ ಸಾಹೇಬ್ರ ಅಂತೀನಿ, ಹೇಳೋ ಕೆಲಸ ಮೋಟಾರನs ಮಾಡ್ತದ, ನನ್ನ ಬಾಯಿಲೆ ಅರ್ಧಾ ಹೇಳಿದರ ಸಾಕು. ಮೋಟಾರ ಚಾಲೂ ಆಗಬಾರದು ಅಂತ ಬೇಡಿಕೊಳ್ಳೋ ಮಂದಿ ಒಂದs ಗಾಡ್ಯಾಗ ಈಗ ಇಬ್ಬರಾದ್ವಿ ಅನಸಿ ಅವನಿಗೆ ಆ ಸಂಕಟದಾಗೂ ನಗಿ ಬಂತು.

ವಕೀಲರು ಅಂಗಳದಾಗ ಕುರ್ಚಿ ಹಾಕ್ಕೊಂಡು ಕುಂತಿದ್ದರು. ಕೋಟು ಇಲ್ಲದ ಸಣ್ಣವರಾಗಿ ಕಾಣತಿದ್ದರು. "ಏನಪಾ ಸಮದ? ಇನ್ನೂ ಏನೂ ಇಲ್ಲೇನು?" ಸಮದ ಅಂದ, "ನೀವs ಒಂದು ಸಲ ಗುಂಡಿ ಎಳದು ನೋಡ್ರಿ ಸಾಹೇಬ್ರ." ಗೊಲ್ಲಾಳಪ್ಪ ಬಂದ್ ಮಾಡಿ ಇಳದು ಬಾಗಲಾ ಹಿಡಕೊಂಡು ನಿಂತ. ಸಮದ ಒಂದು ಬೀಡಿ ಹೊತ್ತು ತಡದ, ಎರಡು ಬೀಡಿ ಹೊತ್ತು ತಡದ. ವಕೀಲರು ಕುಂತರು. ಎಳದರು.

ಚಾಲೂ ಆತು. ಬೆಕ್ಕಿನಂಗ.

"ಬರೋಬ್ಬರಿ ಅದಲ್ಲ!" ಅಂದರು ವಕೀಲರು. ಬಂದ್ ಮಾಡಿ ಮತ್ತ ಎಳದರು. ಮತ್ತ ಆತು. "ನಾ ಎಳದರ ಆಗ್ತದ, ನೀ ಎಳದರ ಆಗ್ತದ. ಅಕಿ ಮುಂದ ಇಂವ ಎಳದರ ಆಗಂಗಿಲ್ಲ. ಗೊಲ್ಲಾಳ, ಕೀಲಿ ಅಲ್ಲೇ ಬಿಡು. ಟೊಪಗಿ ಕಟ್ಟಿ ಮ್ಯಾಲಿಡು." ಗೊಲ್ಲಾಳಪ್ಪ ಟೊಪಗಿ ತಗದು ಕಟ್ಟಿ ಮ್ಯಾಲಿಟ್ಟ. ತಲಿ ಮ್ಯಾಲೆ ಟೊಪಗಿ ಕುಂತ ಗೀರು ಕಂಡಿತು, ದುಂಡಗ, ಹೊಳ್ಳಿ ತನ್ನ ಹಂತ್ಯಾಕs ಬಂದು ಕೂಡೋ ಗೀರು. ಅದನ್ನ ನೋಡಿ ಸಮದನ ಬಾಯಿ ತಾನs ತಗೀತು.

"ಸಾಹೇಬ್ರ, ಸುಳ್ಳು ಹೇಳೇನ್ರಿ ನಾ. ಮೋಟಾರದಾಗ ಅದ. ಇಳೀರಿ. ಬರ್ರಿ ಇಲ್ಲೆ. ಕೈ ಹಾಕ್ರಿ."

"ನಾ ಹಾಕಲೇನು?"

"ಹೌದ್ರಿ, ನೀವs. ನಾ ತಿರುವಿದರ ನೀವು ನಂಬಂಗಿಲ್ಲ. ಬ್ಯಾಟ್ರಿ ಕೆಳಗ ನೋಡ್ರಿ, ಆ ನಟ್ಟು. ಎರಡು ಬಟ್ಟಿಲೆ ಹಿಡೀರಿ. ಪಾನಾದಿಲೆ ಜೀವ ಹಾಕಿ ಬಿಗದಿರಬೇಕ್ರಿ ಅದು."

ವಕೀಲರು ಅಂಗಿ ತೋಳು ಏರಿಸಿ ಬಗ್ಗಿದರು. ಎಂದೂ ಎಣ್ಣಿ ಮುಟ್ಟದ ಬಿಳೇ ಬಟ್ಟು ಎರಡು ಆ ಕರೇ ಇಂಜಿನ್ನಿನೊಳಗ ಇಳಿದ್ವು. ನಟ್ಟು ತಿರುಗಿತು. ಅವರು ಹೌಹಾರಿ ಕೈ ಹಿಂದಕ್ಕ ತಗೊಂಡರು, ಹಲ್ಲಿ ಮುಟ್ಟಿದವರಂಗ. ಮತ್ತ ಮುಟ್ಟಿ ತಿರುವಿದರು. ತಾಂಬ್ರದ ಪಟ್ಟಿ ಅಳ್ಳಾಡಿತು.

"ಇದಕ್ಕೇನೋ ಮೋಟಾರ ನಿಲ್ಲತಿದ್ದದ್ದು?"

"ಇದಕ್ಕs. ಇಂಜಿನ್ ಬಿಸಿ ಆಗಿ ಬಬಲೇಶ್ವರಕ್ಕಿಂತ ಮೊದಲಿನ ತೆಗ್ಗಿನ್ಯಾಗ ಕುಣದು ಬರ್ತದಲ್ರಿ, ಸಡಿಲಾಗ್ತದ. ಮುಂದ ಕುಣದರ ಮತ್ತ ತಾನs ಕೂಡತದ. ಡ್ರೈವರಂದು ಏನೂ ಇಲ್ಲ."

"ಯಾರು ಹಾಕಿದ್ದು ಇದನ್ನ?"

"ನಾನ್ರಿ."

"ಯಾಕ ಬಿಗೀಲಿಲ್ಲ?"

ಅರಿಷಿಣದ ಕೈಯೊಂದು ಮುಂದ ಬಂದು ನಿಂತಿತು. ಹೂವಿನ ಕೆಳಗ ಮಲಗಿದ ಪಾನಾ. ಹೇಳಿದ್ದರ ವಕೀಲರು ಬೈತಿದ್ದಿಲ್ಲೇನೋ, ಪೂಜಿ ಮಾತಂತ ಕೈ ಮುಗಿತಿದ್ದರೇನೋ. "ಬಿಗೀಲಿಲ್ರಿ," ಅಂದ ಸಮದ. "ಬಿಗೀಬೇಕಿತ್ತು, ಬಿಗೀಲಿಲ್ಲ."

ವಕೀಲರು ಬಟ್ಟು ಒರಸಿಕೊಂಡರು. ಸಮದನ ಹೆಬ್ಬಟ್ಟು ಕೆಂಪಗಿದ್ದದ್ದು ನೋಡಿ, "ಕೊಯ್ಕೊಂಡಿ ಏನು?" ಅಂದರು. "ಇಲ್ರಿ." "ಇಪ್ಪತ್ತು ವರ್ಷದ ಉಸ್ತಾದ ನೀನು. ನಿನ್ನ ಮಾತಿನ ಮ್ಯಾಲೆ ನಾ ಒಬ್ಬ ಮನಿಷ್ಯಾನ್ನ ಹೊರಗ ಹಾಕೋಹಂಗಾಗಿತ್ತು." ದನಿ ಏರಲಿಲ್ಲ, ಕೋರ್ಟಿನ್ಯಾಗ ಕಾಗದ ಓದಿದಂಗ ಅಂದರು. "ಅದನ್ನ ಬಿಗದು ಹೋಗು. ಇನ್ನ ಮ್ಯಾಲೆ ಈ ಗಾಡಿ ನಿನ್ನ ಅಂಗಡಿಗೆ ಬರಂಗಿಲ್ಲ." ಅಂದು ಕಟ್ಟಿ ಮ್ಯಾಲಿನ ಟೊಪಗಿ ತಗೊಂಡು ಗೊಲ್ಲಾಳಪ್ಪನ ಕೈಯಾಗ ಕೊಟ್ಟು, ಅವನ ಮುಖ ನೋಡಲಾರದ ಒಳಗ ಹೋದರು.

ಸಮದ ಕಿಸೆದಾಗಿಂದ ಪಾನಾ ತಗದ. ಬಗ್ಗಿದ. ಒಂದು ಹುರಿ. ಎರಡು ಹುರಿ. ಕಡೀಕ ಕಬ್ಬಿಣ ಕಬ್ಬಿಣಕ್ಕ ಕುಂತು 'ಕಿರ್' ಅಂದ ಸಪ್ಪಳ ಅವನ ಹಲ್ಲಿಗೆ ಬಂತು. ಒಂದು ಉಸಿರಿನ ಕೆಲಸ ಇತ್ತು, ಎರಡು ತಿಂಗಳು ಹಿಡೀತು. ಬಟ್ಟು ಎರಡೂ ಹಗುರಾದ್ವು, ತನ್ನವs ಆದ್ವು. ಜೋರಾಪುರ ಪ್ಯಾಟಿ ತನಾ ಈ ಮಾತು ನಾಳೆ ಮುಂಜಾನೆ ಮುಟ್ಟತದ ಅಂತ ಗೊತ್ತಿತ್ತು, ಸಾವಂತ್ರವ್ವನ ಕಿವಿಗೂ. ಅಕಿ ಕೇಳಿದರೂ ಬಿಗೀಲಿಲ್ಲಬೇ ಅನ್ನಬೇಕು, ಅಷ್ಟ.

ಗೊಲ್ಲಾಳಪ್ಪ ಒಳಗ ಕುಂತು ಗುಂಡಿ ಎಳದ. ಚಾಲೂ ಆತು. ಬಂದ್ ಮಾಡಿದ. ಎಳದ. ಆತು. ಕೈ ಒಯ್ದು ಚೋಕಿನ ಗುಂಡಿ ಮ್ಯಾಲೆ ಇಟ್ಟ, ಬಬಲೇಶ್ವರದಾಗ ಸಮದ ಇಟ್ಟದ್ದನ್ನ ನೋಡಿದ್ದ ಅಂತ ಕಾಣತದ. "ತಣ್ಣಗೈತ್ರಿ," ಅಂದ.

"ಇರಬೇಕು ಹಂಗs."

"ಹಂಗಾರ ನಾ ನಿಲ್ಲಸ್ತಿದ್ದಿಲ್ರಿ."

"ಇಲ್ಲಲೇ. ನೀ ಅಲ್ಲ. ನಿನ್ನ ಮನಸೂ ಅಲ್ಲ. ನನ್ನ ಕೈ ಅದು." ಮಾಫ್ ಮಾಡು ಅನ್ನೋದು ನಾಲಿಗಿ ತುದಿಗೆ ಬಂದಿತ್ತು, ಆದರ ಗೊಲ್ಲಾಳಪ್ಪ ಕೇಳಸಿಕೊಳ್ಳಾಕ ಅಲ್ಲಿ ಇದ್ದಿಲ್ಲ. ಟೊಪಗಿ ತೊಡಿ ಮ್ಯಾಲೆ ಇಟ್ಟುಕೊಂಡು ಮುಂದಿನ ಗಾಜಿನ ಆಚೆ ಎಲ್ಲೋ ನೋಡಾಕತ್ತಿದ್ದ, ಅಂಗಳ ದಾಟಿ, ಊರು ದಾಟಿ, ತಗಡಿನ ಕೆಳಗ ಹೊಗಿ ಆಡೋ ಕಡೆ. "ಇನ್ನ ಮ್ಯಾಲೆ ಅಲ್ಲಿ ಅರ್ಧಾ ತಾಸು ನಿಲ್ಲಬೇಕಂದ್ರ," ಅಂದ, "ನಾನs ಬಾಯಿಬಿಟ್ಟು ನಿಲ್ಲತೀನಂತ ಹೇಳಿ ನಿಲ್ಲಬೇಕಾಗ್ತೈತಲ್ರಿ ಉಸ್ತಾದ್."